ನೆರಳಲ್ಲಿ ಕೂರುವ ಗಂಡು ಬೇಕಾಗಿದೆ

ನನ್ನ ಆಫೀಸಿನ ಕುರ್ಚಿಯ ಮೇಲೆ ಒಂದು ದಿಂಬಿದೆ. ಅದರ ನಡುವೆ ತೂತಿದೆ. ಇಷ್ಟು ಓದಿದ ಕೂಡಲೇ ವಿಷಯ ಅರ್ಥವಾದವರು ನನ್ನ ಹಾಗೆ ಕೂತು ಸಂಬಳ ತೆಗೆದುಕೊಳ್ಳುವವರು. ಅರ್ಥವಾಗದವರು ಪುಣ್ಯವಂತರು, ಅವರಿಗೆ ಬಿಡಿಸಿ ಹೇಳಿ ನಾನು ಪಾಪ ಕಟ್ಟಿಕೊಳ್ಳುವುದಿಲ್ಲ. ಆರ್.ಟಿ. ನಗರದ ಮೆಡಿಕಲ್ ಸ್ಟೋರಿನಲ್ಲಿ ಅದನ್ನು ಕೊಂಡ ದಿನ, ಅಷ್ಟು ದೊಡ್ಡ ಕವರು ತಮ್ಮಲ್ಲಿಲ್ಲ ಎಂದು ಅಂಗಡಿಯವನು ಕೈ ಚೆಲ್ಲಿದ. ಸ್ಕೂಟರಿನ ಟೈರಿನಂಥ ಆ ವಸ್ತುವನ್ನು ತೋಳಿಗೆ ಸಿಕ್ಕಿಸಿಕೊಂಡೇ ಹೆಬ್ಬಾಳದ ಬಸ್ಸು ಹತ್ತಿದೆ. ಸೀಟಿನಲ್ಲಿದ್ದ ಹಿರಿಯರೊಬ್ಬರು ದಿಂಬನ್ನು ನೋಡಿದರು, ನನ್ನನ್ನು ನೋಡಿದರು, ಒಂದು ಮಾತೂ ಕೇಳದೆ ಎದ್ದು ಜಾಗ ಬಿಟ್ಟುಕೊಟ್ಟರು. ನನ್ನ ಕಷ್ಟವೇ ಕೂರುವುದು ಎಂದು ತುಂಬಿದ ಬಸ್ಸಿನಲ್ಲಿ ಅವರಿಗೆ ಹೇಗೆ ಹೇಳಲಿ? ಬಾಯಿ ಮುಚ್ಚಿಕೊಂಡು ಕೂತೆ.

ನಾನು ಹೀಗೆ ಕೂರುವವನಾಗಲಿ ಎಂದು ದೇವರಿಗೆ ಹರಕೆ ಹೊತ್ತವಳು ನನ್ನ ಅಮ್ಮ. ಆಗ ಯಲಹಂಕದ ಸುತ್ತ ದ್ರಾಕ್ಷಿ ತೋಟಗಳಿದ್ದವು. ಅಮ್ಮ ಅಲ್ಲಿಗೆ ಕೂಲಿಗೆ ಹೋಗುತ್ತಿದ್ದಳು. ಸಂಜೆ ಬರುವಾಗ ಅವಳ ಸೀರೆಯ ಅಂಚಿಗೆ ಬಳ್ಳಿಗೆ ಹೊಡೆಯುವ ಮೈಲುತುತ್ತದ ನೀಲಿ ಅಂಟಿರುತ್ತಿತ್ತು, ಮಡಿಲಲ್ಲಿ ಉದುರಿದ ದ್ರಾಕ್ಷಿ ಇರುತ್ತಿತ್ತು. ಹುಳಿಯೋ ಹುಳಿ. ಅದನ್ನು ನಾನು ಮುಖ ಕಿವುಚಿಕೊಂಡು ತಿನ್ನುವಾಗ ಅಮ್ಮ ತೋಳು ನೀವಿಕೊಳ್ಳುತ್ತ, ನನ್ನ ಮಗ ನೆರಳಿನ ಕೆಲಸಕ್ಕೆ ಸೇರಬೇಕು ಎನ್ನುತ್ತಿದ್ದಳು. ನನಗೆ ಅರ್ಥವಾಗುತ್ತಿರಲಿಲ್ಲ. ದ್ರಾಕ್ಷಿ ಚಪ್ಪರದ ಕೆಳಗೆ ಬೇಕಾದಷ್ಟು ನೆರಳಿತ್ತು. ಅವಳು ದಿನವಿಡೀ ಆ ನೆರಳಲ್ಲೇ ಕೈ ಮೇಲೆತ್ತಿಕೊಂಡು ನಿಂತು ಗೊಂಚಲು ಬಿಡಿಸುತ್ತಿದ್ದಳು. ಒಮ್ಮೆ ಹಾಗೆಂದು ಹೇಳಿಯೂ ಬಿಟ್ಟೆ. ಅಮ್ಮ ಬೆನ್ನ ಮೇಲೊಂದು ಗುದ್ದಿ, ನೆರಳು ಅಂದರೆ ಮೇಲೆ ಫ್ಯಾನು, ಕೆಳಗೆ ಕುರ್ಚಿ ಎಂದು ತಿದ್ದಿದಳು. ಆ ಗುದ್ದಿನ ಫಲವಾಗಿ ನಾನು ಓದಿದೆ, ಪರೀಕ್ಷೆ ಬರೆದೆ, ಹೆಬ್ಬಾಳದ ಕಡೆ ಒಂದು ಕಚೇರಿಯಲ್ಲಿ ಗುಮಾಸ್ತನಾದೆ. ಕಚೇರಿಯ ಹೆಸರು ಬೇಡ, ಅಲ್ಲಿ ಇನ್ನೂ ನನ್ನ ಪಿಂಚಣಿಯ ಕಾಗದಪತ್ರ ಆಗಬೇಕಾಗಿದೆ.

ನೆರಳಿನ ಕೆಲಸದ ವೈಭವವನ್ನು ಹೇಳಿಬಿಡುತ್ತೇನೆ. ನಮ್ಮಲ್ಲಿ ಬಡ್ತಿಯ ಜೊತೆಗೇ ಕಾಯಿಲೆಯೂ ಮೇಲೇರುತ್ತದೆ. ಹೊಸದಾಗಿ ಸೇರಿದವನಿಗೆ ಗ್ಯಾಸ್. ಸ್ವಲ್ಪ ಸರ್ವಿಸ್ ಆದವನಿಗೆ ಬಿ.ಪಿ. ಮೇಲಧಿಕಾರಿಗೆ ಶುಗರ್. ಕೆಳಗಿನವನಿಗೆ ಮೊದಲೇ ಶುಗರ್ ಬಂದರೆ ಮೇಲಿನವರಿಗೆ ಅದೊಂಥರ ಇರಿಸುಮುರಿಸು. ಕುರ್ಚಿಯ ಬೆನ್ನಿಗೆ ಹೊದಿಸುವ ಬಿಳಿ ಟವೆಲು ಎಷ್ಟು ದಪ್ಪವೋ ಸಾಹೇಬರ ಮಾತ್ರೆಯ ಡಬ್ಬಿ ಅಷ್ಟು ದೊಡ್ಡದು. ಮಧ್ಯಾಹ್ನ ಊಟದ ಹೊತ್ತಿಗೆ ನಾವು ಸಾರು, ಪಲ್ಯ ಹಂಚಿಕೊಳ್ಳುವ ಹಾಗೆಯೇ ಮಾತ್ರೆಯನ್ನೂ ಹಂಚಿಕೊಳ್ಳುತ್ತೇವೆ. ನಿಮ್ಮದು ಊಟಕ್ಕೆ ಮುಂಚೆಯೋ ಆಮೇಲೋ ಎಂದು ಕೇಳಿದರೆ ಅದು ನಮ್ಮಲ್ಲಿ ಕುಶಲ ವಿಚಾರಿಸಿದಂತೆ.

ಒಂದು ಸಲ ಕಚೇರಿಯಲ್ಲಿ ಆರೋಗ್ಯ ತಪಾಸಣೆ ಏರ್ಪಡಿಸಿದ್ದರು. ಬಂದಿದ್ದ ಡಾಕ್ಟರು ನಮ್ಮ ಹೊಟ್ಟೆಗಳನ್ನು ಅಳೆದೂ ಅಳೆದೂ ಬೇಸತ್ತು, ನೀವೆಲ್ಲ ಮೈ ಬಗ್ಗಿಸಿ ದುಡಿಯುವವರನ್ನು ನೋಡಿ ಕಲಿಯಬೇಕು ಎಂದುಬಿಟ್ಟರು. ಅವತ್ತಿನಿಂದ ಸುರುವಾಯಿತು ನೋಡಿ ನಮ್ಮವರ ಶ್ರಮಜೀವಿಗಳ ಭಜನೆ. ಗಾರೆ ಕೆಲಸದವರಿಗೆ ಶುಗರ್ ಇದೆಯಾ? ಯಶವಂತಪುರದ ಯಾರ್ಡಿನಲ್ಲಿ ಮೂಟೆ ಹೊರುವ ಹಮಾಲಿಗಳಿಗೆ ಹೊಟ್ಟೆ ಇದೆಯಾ? ಎಂಥ ನಿದ್ದೆ, ಎಂಥ ಹಸಿವು, ಪುಣ್ಯವಂತರು! ಈ ಭಜನೆಯ ಮುಂದಾಳು ನಮ್ಮ ಸೂಪರಿಂಟೆಂಡೆಂಟರು. ಹೆಬ್ಬಾಳ ಕೆರೆಯ ಸುತ್ತ ನಡೆಯುವುದಕ್ಕೆ ಅವರು ಕಾರಿನಲ್ಲಿ ಹೋಗುತ್ತಿದ್ದರು. ದುಡ್ಡು ಕೊಟ್ಟು ಜಿಮ್ಮಿಗೆ ಸೇರಿ ಕಬ್ಬಿಣ ಎತ್ತಿ ಇಳಿಸುತ್ತಿದ್ದರು. ಕಚೇರಿಯ ಲಿಫ್ಟು ಕೆಟ್ಟ ದಿನ ಮಾತ್ರ ಮೊದಲನೇ ಮಹಡಿಗೂ ಹತ್ತಲಾರದೆ ಕೆಳಗೇ ಕೂತು, ಈ ದೇಶ ಉದ್ಧಾರವಾಗುವುದಿಲ್ಲ ಎಂದು ಬೈಯುತ್ತಿದ್ದರು. ಸಾರ್, ಅಷ್ಟು ಆಸೆ ಇದ್ದರೆ ಯಾರ್ಡಿನಲ್ಲಿ ಒಂದು ಜಾಗ ಖಾಲಿ ಇದೆಯಂತೆ ಎಂದು ಹೇಳಬೇಕೆನಿಸಿತು. ನನ್ನ ಇಂಕ್ರಿಮೆಂಟು ಅವರ ಕೈಯಲ್ಲಿತ್ತು, ಹೇಳಲಿಲ್ಲ.

ಭಜನೆಯಲ್ಲಿ ನಾನು ತಾಳ ಹಾಕದೆ ಇದ್ದುದಕ್ಕೆ ಕಾರಣ ನನ್ನ ಭಾಮೈದ ನಾಗರಾಜ. ನನ್ನ ಹೆಂಡತಿ ಸುಶೀಲಳ ತಮ್ಮ. ಏರ್‌ಪೋರ್ಟು ದೇವನಹಳ್ಳಿಯ ಕಡೆ ಹೋದ ಮೇಲೆ ಯಲಹಂಕದಲ್ಲಿ ಎಲ್ಲಿ ನೋಡಿದರೂ ಅಪಾರ್ಟ್‌ಮೆಂಟು ಏಳತೊಡಗಿದವಲ್ಲ, ಅವುಗಳ ನೆಲಕ್ಕೆ ಟೈಲ್ಸ್ ಹಾಕುವ ಮೇಸ್ತ್ರಿ ಅವನು. ವಿನಯಕ್ಕೂ ಅವನಿಗೂ ಸಂಬಂಧವಿಲ್ಲ. ಯಾವ ಮನೆಗೆ ಹೋದರೂ ಮೊದಲು ನೆಲ ನೋಡಿ, ಹಾಕಿದವನ ವಂಶವನ್ನು ಬೈದು, ಆಮೇಲೆ ಮನೆಯವರಿಗೆ ನಮಸ್ಕಾರ ಹೇಳುವ ಆಸಾಮಿ. ನನಗಿಂತ ಚೆನ್ನಾಗಿಯೇ ಸಂಪಾದಿಸುತ್ತಿದ್ದ. ನಾನು ಕಂತಿನಲ್ಲಿ ಫ್ರಿಜ್ಜು ತಂದರೆ ಅವನು ಒಂದೇ ಏಟಿಗೆ ಬೈಕು ತಂದ. ಹಾಗಂತ ಅವನ ಮೈ ಬಂಡೆಯಾಗಿತ್ತು ಎಂದುಕೊಳ್ಳಬೇಡಿ. ಕುಕ್ಕರುಗಾಲಲ್ಲಿ ಕೂತೂ ಕೂತೂ ಮಂಡಿ ಕರ್ರಗೆ ದಡ್ಡುಗಟ್ಟಿತ್ತು. ಬೆರಳ ಸಂದುಗಳನ್ನು ಸಿಮೆಂಟು ತಿಂದಿತ್ತು. ಬೆಳಿಗ್ಗೆ ಹಾಸಿಗೆಯಿಂದ ಏಳುವಾಗ ಅಯ್ಯಮ್ಮಾ ಎನ್ನುವುದರಲ್ಲಿ ನಾನೂ ಅವನೂ ಸಮಸಮ. ಒಂದೇ ವ್ಯತ್ಯಾಸ, ನನ್ನ ನೋವಿಗೆ ಮೆಡಿಕಲ್ ಬಿಲ್ಲು ಪಾಸಾಗುತ್ತಿತ್ತು.

ಇನ್ನೊಂದು ವ್ಯತ್ಯಾಸವೂ ಇತ್ತು, ಅದು ಕನ್ನಡ ಭಾಷೆಯಲ್ಲೇ ಇತ್ತು. ಅವನಿಗೆ ಬರುತ್ತಿದ್ದುದು ಕೂಲಿ, ನನಗೆ ಬರುತ್ತಿದ್ದುದು ಸಂಬಳ. ಕೂಲಿ ಎಷ್ಟೇ ದಪ್ಪವಿದ್ದರೂ ಕೂಲಿಯೇ. ಸಂಬಳ ತಿಂಗಳ ಮಧ್ಯದಲ್ಲೇ ಪ್ರಾಣ ಬಿಟ್ಟರೂ ಸಂಬಳವೇ. ನನಗೆ ಮದುವೆ ಗೊತ್ತಾಗುವಾಗ ನನ್ನ ಬಣ್ಣ, ನನ್ನ ಬುದ್ಧಿ, ನನ್ನ ಮೂಗು ಯಾವುದನ್ನೂ ಯಾರೂ ವಿಚಾರಿಸಿರಲಿಲ್ಲ. ಹುಡುಗ ನೆರಳಲ್ಲಿದ್ದಾನೆ ಎಂಬ ಒಂದೇ ಮಾತಿಗೆ ಸುಶೀಲಳ ಮನೆಯವರು ತಾಂಬೂಲ ಬದಲಾಯಿಸಿಕೊಂಡಿದ್ದರು. ಅದೇ ಮನೆಯ ನಾಗರಾಜನಿಗೆ ಹೆಣ್ಣು ಸಿಗಲಿಲ್ಲ. ನೋಡಿದ ಕಡೆಯಲ್ಲೆಲ್ಲ ಹುಡುಗ ಚೆನ್ನಾಗಿದ್ದಾನೆ, ಸಂಪಾದನೆಯೂ ಚೆನ್ನಾಗಿದೆ, ಆದರೆ ಕೆಲಸ... ಎಂದು ರಾಗ ಎಳೆಯುತ್ತಿದ್ದರು. ವಯಸ್ಸು ಮೂವತ್ತು ದಾಟಿತು. ಬಾಯಿ ಜೋರಿದ್ದ ಹುಡುಗ ಮದುವೆ ಮನೆಗಳಿಗೆ ಬರುವುದನ್ನೇ ನಿಲ್ಲಿಸಿದ. ಬಂದರೂ ಬಡಿಸುವವರ ಜೊತೆ ಸೇರಿಕೊಂಡು ಬಕೆಟು ಹಿಡಿದು ಓಡಾಡುತ್ತಿದ್ದ. ಕೂತರೆ ಯಾರಾದರೂ ನಿಂದು ಯಾವಾಗಪ್ಪಾ ಎಂದು ಕೇಳುತ್ತಿದ್ದರು.

ನಮ್ಮ ಅತ್ತೆ ಹಳೇ ಯಲಹಂಕದವರು. ಮಗನ ಮದುವೆಯ ಚಿಂತೆಯಲ್ಲಿ ಸೊರಗಿಹೋಗಿದ್ದರು. ಒಂದು ದಿನ ನನ್ನ ಮುಂದೆ ಕೂತು ಸೆರಗಿನಲ್ಲಿ ಕಣ್ಣೊರೆಸಿಕೊಂಡರು.

"ಅಳಿಯಂದ್ರೆ, ನಿಮ್ಗೆ ಕೈ ಮುಗೀತೀನಿ, ಇವ್ನ್ನ ಎಲ್ಲಾದ್ರೂ ಒಂದ್ ಕುರ್ಚಿ ಮ್ಯಾಲೆ ಕೂರ್ಸಿ. ತಾಳಿ ಕಟ್ಟೋಗಂಟ ಕೂತಿರ್ಲಿ, ಆಮ್ಯಾಕೆ ಬೇಕಾದ್ರೆ ಎದ್ದೋಗ್ಲಿ."

ಅಳಿಯನಾದವನು ಬದುಕಿನಲ್ಲಿ ಒಮ್ಮೆಯಾದರೂ ತನ್ನ ಇನ್‌ಫ್ಲುಯೆನ್ಸ್ ತೋರಿಸಬೇಕಲ್ಲ. ಆರ್.ಟಿ. ನಗರದಲ್ಲಿ ಸೈಟು ಮಾರುವ ಪರಿಚಿತರೊಬ್ಬರಿದ್ದರು. ಅವರ ಆಫೀಸಿನಲ್ಲಿ ಒಂದು ಮೇಜು, ಒಂದು ಫೋನು, ಗಾಲಿಯ ಕುರ್ಚಿಯೊಂದು ಖಾಲಿ ಇದ್ದವು. ಫೋನೆತ್ತಿ ಸಾಹೇಬರು ಸೈಟ್ ವಿಸಿಟ್‌ಗೆ ಹೋಗಿದ್ದಾರೆ ಎನ್ನುವುದೇ ಕೆಲಸ. ಸಂಬಳ, ನಾಗರಾಜ ತನ್ನ ಹೆಲ್ಪರಿಗೆ ಕೊಡುತ್ತಿದ್ದುದಕ್ಕಿಂತ ಕಡಿಮೆ. ಅವನು ಕೇಳಿ ಬಿದ್ದು ಬಿದ್ದು ನಕ್ಕ. ತಾಯಿಯ ಮುಖ ನೋಡಿ ನಗು ನಿಲ್ಲಿಸಿ, ಆಯ್ತು ಎಂದ.

ಮೊದಲ ವಾರ ಅವನಿಗೆ ಕೂರುವುದಕ್ಕೇ ಬರಲಿಲ್ಲ. ಕಾಲು ಇಳಿಬಿಟ್ಟರೆ ಜೋಮು ಹಿಡಿಯುತ್ತದೆಂದು ಕುರ್ಚಿಯ ಮೇಲೆ ಕುಕ್ಕರುಗಾಲಲ್ಲಿ ಕೂತ. ಗಾಲಿ ಉರುಳಿ, ಗಿರಾಕಿಗಳ ಎದುರಿಗೇ ಹೋಗಿ ಬೀರುವಿಗೆ ಬಡಿದ. ಎರಡನೇ ತಿಂಗಳಿಗೆ ಗ್ಯಾಸ್ ಬಂತು. ಮೂರನೇ ತಿಂಗಳಿಗೆ ಪ್ಯಾಂಟಿನ ಗುಂಡಿ ಕಿತ್ತುಬಂತು. ನೋಡನೋಡುತ್ತ ನಮ್ಮ ಜಾತಿಗೇ ಸೇರಿಬಿಟ್ಟ. ಬಂದವರನ್ನು ನಿಲ್ಲಿಸಿಕೊಂಡು ಫೋನಿನಲ್ಲಿ ಮಾತಾಡುವುದನ್ನೂ ನಾಳೆ ಬನ್ನಿ ಎನ್ನುವುದನ್ನೂ ಯಾರೂ ಕಲಿಸದೆಯೇ ಕಲಿತ. ಅತ್ತೆಗೆ ಮಾತ್ರ ಖುಷಿಯೋ ಖುಷಿ. ಮಗ ಬೆಳ್ಳಗಾಗವ್ನೆ ಎಂದು ಬೀದಿಗೆಲ್ಲ ಹೇಳಿಕೊಂಡು ಬಂದರು. ಬೆಳ್ಳಗಾಗದೆ ಉಳಿದದ್ದು ಬೆರಳಿನ ಗೆಣ್ಣುಗಳು. ಅವಕ್ಕೆ ನಿಂಬೆಹಣ್ಣು, ಮೊಸರು ಹಚ್ಚಿ ತಿಕ್ಕಿಸಿದರು. ಒಂದು ಸಂಜೆ ನಾಗರಾಜ ನನ್ನ ಹತ್ತಿರ ಬಂದು ಗೊಣಗಿದ.

"ಭಾವ, ಸಾಯಂಕಾಲ ಎದ್ದು ಇವತ್ತೇನ್ ಮಾಡ್ದೆ ಅಂತ ತಿರುಗಿ ನೋಡಿದ್ರೆ ಏನೂ ಕಾಣ್ಸಲ್ಲ ಕಣ್ರೀ."

ಅದಕ್ಕೇ ನಾವ್ಯಾರೂ ತಿರುಗಿ ನೋಡುವುದಿಲ್ಲ ಎಂದು ನನ್ನ ಅನುಭವದ ಮಾತು ಹೇಳಿ ಕಳಿಸಿದೆ.

ಕುರ್ಚಿ ಫಲ ಕೊಟ್ಟಿತು. ಗಂಗಾನಗರದಿಂದ ಒಂದು ಸಂಬಂಧ ಬಂತು. ಹೆಣ್ಣಿನ ತಂದೆ ರಂಗಪ್ಪನವರು, ಯಾವುದೋ ಆಫೀಸಿನಿಂದ ನಿವೃತ್ತರಾಗಿ ಸ್ವಂತ ಮನೆ ಕಟ್ಟಿಕೊಂಡವರು. ಹುಡುಗಿ ಲತಾ, ನರ್ಸರಿ ಶಾಲೆಯಲ್ಲಿ ಟೀಚರು. ಫೋಟೋ ನೋಡಿದ ನಾಗರಾಜ ಅದನ್ನು ವಾಪಸು ಕೊಡಲೇ ಇಲ್ಲ. ಕೇಳಿದರೆ ಎಲ್ಲಿಟ್ಟೆನೋ ಮರೆತೆ ಎಂದ. ಇಷ್ಟು ವರ್ಷ ಯಾವ ಫೋಟೋವನ್ನೂ ಮರೆಯದೆ ಹಿಂದಿರುಗಿಸಿದ ಹುಡುಗ ಅವನು. ಸುಶೀಲ ನನಗೆ ಕಣ್ಸನ್ನೆ ಮಾಡಿದಳು. ನನಗೂ ಆಸೆಯಾಯಿತು, ಈ ಒಂದು ಸಂಬಂಧ ಕೂಡಿ ಬಂದುಬಿಡಲಿ ಎಂದು.

ಹೆಣ್ಣು ನೋಡಲು ಹೋದ ದಿನ ಅವನಿಗೆ ಬೇಕಾದಷ್ಟು ಪಾಠ ಹೇಳಿದ್ದೆವು. ಕೈಯನ್ನು ಕರ್ಚೀಫಿನ ಕೆಳಗೆ ಇಟ್ಟುಕೊಳ್ಳಬೇಕು, ಆಫೀಸು ಎನ್ನಬೇಕು, ಸೈಟು ಎನ್ನಬಾರದು. ಸೋಫಾದಲ್ಲಿ ಕೂತ. ಲತಾ ಕಾಫಿ ತಂದಳು. ಎಲ್ಲರೂ ಅವಳನ್ನು ನೋಡುತ್ತಿದ್ದರೆ ಇವನು ಒಂದು ಸಲ ಕಣ್ಣೆತ್ತಿ ನೋಡಿ ಮತ್ತೆ ನೆಲ ನೋಡತೊಡಗಿದ. ಹುಡುಗ ಎಷ್ಟು ಸಂಕೋಚದವನು ಎಂದು ಅವಳ ತಾಯಿ ಮೆಚ್ಚಿಕೊಂಡರು. ಅವನ ಸಂಕೋಚ ಎಂಥದ್ದೆಂದು ನನಗೂ ಸುಶೀಲಳಿಗೂ ಗೊತ್ತಿಲ್ಲವೇ. ಹಿಮ್ಮಡಿಯಿಂದ ಮೆಲ್ಲಗೆ ನೆಲ ಬಡಿದ. ಮುಖ ಸಿಂಡರಿಸಿದ. ತಡೆದುಕೊಂಡ. ಮತ್ತೆ ಬಡಿದ. ಕೊನೆಗೆ ಕರ್ಚೀಫು ಬಿಸಾಕಿ ಕೆಳಗೆ ಬಗ್ಗಿ, ಗೆಣ್ಣಿನಿಂದ ಒಂದು ಟೈಲ್ಸ್ ಕುಟ್ಟಿದ. ಟಕ್ ಎಂದಿತು. ಪಕ್ಕದ್ದನ್ನು ಕುಟ್ಟಿದ. ಡಬ್ ಎಂದಿತು.

"ಯಾವನ್ರೀ ಹಾಕಿದ್ದು ಇದನ್ನ? ಒಳಗೆಲ್ಲ ಟೊಳ್ಳು."

ಅತ್ತೆ ಕಣ್ಣು ಮುಚ್ಚಿಕೊಂಡರು. ರಂಗಪ್ಪನವರು ಮಾತ್ರ ಕಳೆದುಹೋದ ತಮ್ಮ ಸಿಕ್ಕವರಂತೆ ಎದ್ದು ಬಂದರು. ದುಡ್ಡು ಪೂರ್ತಿ ತೆಗೆದುಕೊಂಡು ಓಡಿಹೋದ ಮೇಸ್ತ್ರಿಯ ಕಥೆ, ಅಡಿಗೆಮನೆಯಲ್ಲಿ ಎದ್ದು ನಿಂತ ಟೈಲ್ಸು, ಹೆಂಡತಿ ಎಡವಿ ಬಿದ್ದದ್ದು, ಎಲ್ಲ ಹೇಳಿಕೊಂಡರು. ಆಮೇಲೆ ಮಾವ ಅಳಿಯ ಆಗಬೇಕಾದವರಿಬ್ಬರೂ ನೆಲದ ಮೇಲೆ ಅಂಬೆಗಾಲಿಡುತ್ತ ಮನೆಯೆಲ್ಲ ಕುಟ್ಟಿಕೊಂಡು ಬಂದರು. ನೀವು ಎಲ್ಲಿ ಕಲಿತಿರಿ, ನೀವು ಎಷ್ಟು ಕೆಲಸ ಮಾಡಿಸಿದ್ದೀರಿ ಎಂದು ರಂಗಪ್ಪನವರು ಕೇಳಿದ್ದೇ ಕೇಳಿದ್ದು. ಮಾಡಿಸಿದ್ದಲ್ಲ ಸಾರ್, ಮಾಡಿದ್ದು ಎಂದು ನಾಗರಾಜ ಎದೆಯುಬ್ಬಿಸಿದ. ಅವರ ಮುಖ ನೋಡಿದೆ. ಕೋಪವಿರಲಿಲ್ಲ, ಸಂತೋಷವೇ ಇದ್ದ ಹಾಗಿತ್ತು. ಬಾಗಿಲಲ್ಲಿ ನಿಂತಿದ್ದ ಲತಾ ಬಾಯಿಗೆ ಸೆರಗು ಅಡ್ಡ ಹಿಡಿದು ನಗುತ್ತಿದ್ದಳು.

ಗುರುವಾರ ನನಗೆ ರಂಗಪ್ಪನವರ ಫೋನು ಬಂತು. ಮನೆಯಲ್ಲೆಲ್ಲ ಮಾತಾಡಿಕೊಂಡೆವು, ಭಾನುವಾರ ಬೆಳಿಗ್ಗೆ ಹುಡುಗನನ್ನು ಕಳಿಸಿಕೊಡಿ ಎಂದರು. ಇದಕ್ಕಿಂತ ಇನ್ನೇನು ಬೇಕು? ಸುದ್ದಿ ಹೇಳಿದ ತಕ್ಷಣ ಅತ್ತೆ ದೇವರ ಮುಂದೆ ತುಪ್ಪದ ದೀಪ ಹಚ್ಚಿದರು. ನಾನು ಕಚೇರಿಯಲ್ಲಿ ಪದಪದಕ್ಕೂ ಅರ್ಥ ಹುಡುಕಿ ಕಡತ ವಾಪಸು ಕಳಿಸುವವನು. 'ಪರಿಶೀಲಿಸಲಾಗುವುದು' ಎಂದರೆ ಆಗುವುದಿಲ್ಲ ಎಂದು ಬಲ್ಲವನು. ಸಂಬಂಧ ಒಪ್ಪಿದವರು ನೀವೆಲ್ಲ ಬನ್ನಿ ಎನ್ನುತ್ತಾರೆ, ಹುಡುಗನನ್ನು ಕಳಿಸಿ ಎನ್ನುವುದಿಲ್ಲ. ಇಷ್ಟು ಸಣ್ಣ ಕನ್ನಡ ನನ್ನ ತಲೆಗೆ ಹೊಳೆಯಲಿಲ್ಲ.

ಭಾನುವಾರ ನಾವು ನಾಲ್ವರೂ ಹೊರಟೆವು. ಅತ್ತೆ ರೇಷ್ಮೆ ಸೀರೆ ಉಟ್ಟಿದ್ದರು. ತಟ್ಟೆಯಲ್ಲಿ ಹೂವು, ಹಣ್ಣು, ತೆಂಗಿನಕಾಯಿ. ನಾಗರಾಜನದು ಇಸ್ತ್ರಿ ಮಾಡಿದ ಬಿಳಿ ಶರ್ಟು. ಗಂಗಾನಗರದ ಆ ಮನೆಯ ಗೇಟು ತೆಗೆದರೆ, ವರಾಂಡದಲ್ಲಿ ಎರಡು ಮೂಟೆ ಸಿಮೆಂಟು, ಒಂದು ಗುಡ್ಡೆ ಮರಳು, ಗೋಡೆಗೆ ಒರಗಿಸಿಟ್ಟ ಟೈಲ್ಸಿನ ಡಬ್ಬಗಳು. ರಂಗಪ್ಪನವರು ಬನಿಯನ್ನು ಪಂಚೆಯಲ್ಲಿ ಮರಳಿಗೆ ನೀರು ಚಿಮುಕಿಸುತ್ತಿದ್ದರು. ನಮ್ಮ ತಟ್ಟೆಯನ್ನು ನೋಡಿದರು, ಅತ್ತೆಯ ಸೀರೆಯನ್ನು ನೋಡಿದರು, ಚೊಂಬು ಅವರ ಕೈಯಲ್ಲೇ ನಿಂತಿತು.

ಅವರೇನೂ ಕೆಟ್ಟವರಲ್ಲ. ತುಂಬ ನೊಂದುಕೊಂಡರು. ನನ್ನನ್ನು ಗೇಟಿನ ಪಕ್ಕಕ್ಕೆ ಕರೆದು ದನಿ ತಗ್ಗಿಸಿ ವಿವರಿಸಿದರು. ಹುಡುಗ ಚಿನ್ನದಂಥವನು, ಕೆಲಸಗಾರ, ಆದರೆ ಆಫೀಸು ಎನ್ನುವುದು ಬರೀ ಹೆಸರಿಗೆ ಎಂದು ಗೊತ್ತಾಯಿತಲ್ಲ. ಮಗಳಿಗೆ ತಾವು ಹುಡುಕುತ್ತಿರುವುದು ನನ್ನಂಥವರನ್ನು, ಒಂದು ಕಡೆ ಕೂತು ಕೆಲಸ ಮಾಡುವವರನ್ನು.

"ನಿಮ್ ಆಫೀಸಲ್ಲೇ ಯಾರಾದ್ರೂ ಇದ್ರೆ ಹೇಳಿ ಸಾರ್. ಪರ್ಮನೆಂಟ್ ಇರ್ಲಿ, ಅಷ್ಟೇ."

"ಇದಾರೆ ಸಾರ್," ಎಂದೆ. "ಕೆಲಸಾನೂ ಪರ್ಮನೆಂಟು, ಬೆನ್ನುನೋವೂ ಪರ್ಮನೆಂಟು."

ಅವರು ತಮಾಷೆ ಎಂದುಕೊಂಡು ನಕ್ಕು ನನ್ನ ಭುಜ ತಟ್ಟಿದರು.

ನಾವು ತಿರುಗಿ ಬರುವಷ್ಟರಲ್ಲಿ ನಾಗರಾಜ ಎಲ್ಲವನ್ನೂ ಅರ್ಥ ಮಾಡಿಕೊಂಡಾಗಿತ್ತು. ಬಿಳಿ ಶರ್ಟನ್ನು ಬಿಚ್ಚಿ, ಮಡಿಸಿ, ಅಕ್ಕನ ಕೈಗೆ ಕೊಟ್ಟಿದ್ದ. ಸಾಮಾನು ತರುವಂತೆ ಜೊತೆಗಾರನಿಗೆ ಫೋನು ಮಾಡುತ್ತಿದ್ದ. ಹೋಗೋಣ ನಡಿ ಎಂದು ಸುಶೀಲ ಅವನ ತೋಳು ಹಿಡಿದು ಎಳೆದಳು. ಬಂದಿದ್ದೀನಲ್ಲ, ಮಾಡೇ ಹೋಗ್ತೀನಿ ಎಂದು ಬಿಡಿಸಿಕೊಂಡ. ತಾಯಿಯ ತಟ್ಟೆಯಿಂದ ತೆಂಗಿನಕಾಯಿ ತೆಗೆದುಕೊಂಡು, ಕೆಲಸ ಸುರು ಮಾಡುವುದಕ್ಕೂ ಕಾಯಿ ಒಡೆಯಬೇಕಲ್ಲವಾ ಎಂದು, ಮೆಟ್ಟಿಲ ಅಂಚಿಗೆ ಹೊಡೆದು ಎರಡು ಹೋಳು ಮಾಡಿ ಟೈಲ್ಸಿನ ಡಬ್ಬದ ಮುಂದೆ ಇಟ್ಟ. ಅಳತೆ ತೆಗೆದು ತನ್ನ ರೇಟು ಹೇಳಿದ. ರಂಗಪ್ಪನವರು ಹೌಹಾರಿದರು. ಹೋದ ವಾರ ನೀವು ಎನ್ನುತ್ತಿದ್ದವರಿಗೆ ಅವತ್ತು ನೀನು ಸಲೀಸಾಗಿ ಬಂತು.

"ಏನಪ್ಪಾ ಇದು, ನಮ್ಮೋರು ಅಂತ ಕರೆದ್ರೆ ಹೊರಗಿನೋರ ರೇಟ್ ಹೇಳ್ತೀಯಲ್ಲ?"

"ನಮ್ಮೋರಾಗಿದ್ರೆ ಬಿಟ್ಟಿ ಮಾಡ್ಕೊಡ್ತಿದ್ದೆ ಸಾರ್. ನೀವೇ ಬೇಡ ಅಂದ್ರಲ್ಲ."

ದನಿ ಏರಿಸಲಿಲ್ಲ. ಬಾಗಿಲ ಕಡೆಗೂ ನೋಡಲಿಲ್ಲ, ಅಲ್ಲಿ ಲತಾ ನಿಂತಿದ್ದಳು, ಈ ಸಲ ನಗುತ್ತಿರಲಿಲ್ಲ. ರಂಗಪ್ಪನವರು ಆ ರೇಟಿಗೇ ಒಪ್ಪಿದರು. ಸುಳ್ಳು ಹೇಳುವುದಿಲ್ಲ, ಆ ಗಳಿಗೆಯಲ್ಲಿ ಅವನನ್ನು ಕಂಡು ನನಗೆ ಹೊಟ್ಟೆಕಿಚ್ಚಾಯಿತು. ಇಷ್ಟು ವರ್ಷ ಸರ್ವಿಸ್ ಮಾಡಿದ್ದೇನೆ, ನನ್ನ ರೇಟು ಇಷ್ಟು ಎಂದು ಯಾರ ಮುಂದೆಯೂ ಬಾಯಿ ಬಿಟ್ಟವನಲ್ಲ. ಕೊಟ್ಟಷ್ಟು ತೆಗೆದುಕೊಂಡು, ಸಹಿ ಮಾಡಿ, ಮನೆಗೆ ಬಂದು ಬೈದುಕೊಂಡವನು.

ಅವನನ್ನು ಅಲ್ಲೇ ಬಿಟ್ಟು ನಾವು ಮೂವರು ಯಲಹಂಕದ ಬಸ್ಸು ಹತ್ತಿದೆವು. ಹೆಬ್ಬಾಳದ ಹತ್ತಿರ ಎಂದಿನಂತೆ ಜಾಮು. ಸುಶೀಲ ಶರ್ಟನ್ನು ತೊಡೆಯ ಮೇಲಿಟ್ಟುಕೊಂಡಿದ್ದಳು. ನಾನು ಆ ರಂಗಪ್ಪನನ್ನೂ ಅವನ ಗಂಗಾನಗರವನ್ನೂ ಅವನಿಗೆ ಬೇಕಾದ ನೆರಳಿನ ಅಳಿಯನನ್ನೂ ಬಾಯಿಗೆ ಬಂದ ಹಾಗೆ ಬೈಯುತ್ತಿದ್ದೆ. ನನ್ನ ಮಾತು ಅತ್ತೆಯ ಕಿವಿಗೆ ಬಿದ್ದ ಹಾಗಿರಲಿಲ್ಲ. ಥಟ್ಟನೆ ನನ್ನ ಕಡೆ ತಿರುಗಿದರು.

"ಅಳಿಯಂದ್ರೆ, ಅವ್ನು ಬುತ್ತಿ ತಂದಿಲ್ಲ. ಬೀಗ್ರ ಮನೇಲಿ ಊಟ, ಬುತ್ತಿ ಯಾಕ್ಲಾ ಅಂತ ನಾನೇ ಅಂದಿದ್ದೆ. ಅವ್ರು ಕರ್ದು ಇಕ್ತಾರಾ?"

ಸುಶೀಲ ಎದ್ದು, ಮುಂದಿನ ಸ್ಟಾಪಿನಲ್ಲಿ ಇಳಿಯುತ್ತೇವೆ ಎಂದು ಕಂಡಕ್ಟರಿಗೆ ಹೇಳಿದಳು.